ಮನೆಯಲ್ಲಿ ತಾಜಾ ಸ್ಪ್ರಿಂಗ್ ರೋಲ್ ಮತ್ತು ಅಕ್ಕಿ ನೂಡಲ್ಸ್: ರೈಸ್ ಪೇಪರಿನ ಹದದಿಂದ ಸೊಪ್ಪಿನ ಆಯ್ಕೆಯವರೆಗೆ

ಹಿತ್ತಿಲಮನೆ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಮನೆಯಲ್ಲಿ ಹನ್ನೆರಡು ಮಂದಿ ಸೇರುವ ಊಟವೊಂದಿದೆ. ಎಣ್ಣೆಯಲ್ಲಿ ಕರಿಯದೆ, ರೈಸ್ ಪೇಪರಿನಲ್ಲಿ ಸುತ್ತಿ ಹಾಗೆಯೇ ತಿನ್ನುವ ವಿಯೆಟ್ನಾಮಿನ ಸ್ಪ್ರಿಂಗ್ ರೋಲನ್ನೂ, ಅದರ ಜೊತೆಗೆ ಒಂದು ಅಕ್ಕಿ ನೂಡಲ್ಸ್ ಖಾದ್ಯವನ್ನೂ ಮಾಡಬೇಕೆಂದಿದ್ದೇನೆ. ಬರುವವರಲ್ಲಿ ಅರ್ಧದಷ್ಟು ಜನ ಸಸ್ಯಾಹಾರಿಗಳು. ರೈಸ್ ಪೇಪರನ್ನು ಎಷ್ಟು ಹೊತ್ತು ನೆನೆಸಬೇಕು, ರೋಲುಗಳನ್ನು ಬೆಳಿಗ್ಗೆಯೇ ಸುತ್ತಿ ಮಧ್ಯಾಹ್ನದವರೆಗೆ ಇಡಬಹುದೇ, ಫಿಶ್ ಸಾಸ್ ಬದಲಿಗೆ ಏನನ್ನು ಬಳಸಬಹುದು, ಒಳಗಿನ ನೂಡಲ್ಸ್ ಜಾಗದಲ್ಲಿ ನಮ್ಮ ಒತ್ತುಶ್ಯಾವಿಗೆ ಹೊಂದುತ್ತದೆಯೇ ಎಂಬ ವಿಷಯಗಳಲ್ಲಿ ಕೈಯಾರೆ ಮಾಡಿ ನೋಡಿದವರ ಮಾತು ಬೇಕಾಗಿದೆ. ಹೆಚ್ಚಿನ ವೀಡಿಯೊಗಳಲ್ಲಿ ಸಾಮಗ್ರಿಗಳ ಪಟ್ಟಿ ಸಿಗುತ್ತದೆ, ಆದರೆ ಹದದ ಮಾತು ಸಿಗುವುದಿಲ್ಲ.

ಮೆಕಾಂಗ್ ತೀರ (ಹೋ ಚಿ ಮಿನ್ ನಗರ)

ಹಿತ್ತಿಲಮನೆಯವರೇ, ಕೆಲಸದ ನಿಮಿತ್ತ ಇಲ್ಲಿ ನೆಲೆಸಿರುವುದರಿಂದ ಈ ತಿಂಡಿಯನ್ನು ಬೀದಿಬದಿಯಲ್ಲೂ ನೆರೆಹೊರೆಯವರ ಮನೆಗಳಲ್ಲೂ ಹತ್ತಿರದಿಂದ ನೋಡುವ ಅವಕಾಶ ನನಗಿದೆ. ಇಲ್ಲಿ ಇದನ್ನು ಗೋಯ್ ಕುವೋನ್ ಎನ್ನುತ್ತಾರೆ. ಬೇಯಿಸಿದ ಹಂದಿಮಾಂಸದ ತೆಳು ಹೋಳು, ಸೀಗಡಿ, ಬುನ್ ಎಂಬ ದುಂಡನೆಯ ಅಕ್ಕಿ ನೂಡಲ್ಸ್, ಲೆಟ್ಯೂಸ್ ಮತ್ತು ಕೈತುಂಬ ಹಸಿ ಸೊಪ್ಪು, ಇವಿಷ್ಟು ಅದರ ಸಾಮಾನ್ಯ ರೂಪ. ಚಾಂದ್ರಮಾನ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ ಇಲ್ಲಿನ ಅನೇಕ ಬೌದ್ಧರು ಮಾಂಸ ಮುಟ್ಟುವುದಿಲ್ಲವಾದ್ದರಿಂದ ಸೋಯಾ ಹಾಲಿನಿಂದ ಮಾಡುವ ತೋಫು ಮತ್ತು ಅಣಬೆ ತುಂಬಿದ ಸಸ್ಯಾಹಾರಿ ರೋಲಿಗೂ ಇಲ್ಲಿ ಹಳೆಯ ಬಳಕೆಯಿದೆ. ನಿಮ್ಮ ಸಸ್ಯಾಹಾರಿ ಅತಿಥಿಗಳಿಗಾಗಿ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ.

ಹದ ತಿಳಿಯಬೇಕಾದರೆ ರೈಸ್ ಪೇಪರ್ ತಯಾರಾಗುವ ಬಗೆ ಗೊತ್ತಿರಬೇಕು. ಅಕ್ಕಿಯನ್ನು ನೆನೆಸಿ, ತೆಳ್ಳಗೆ ರುಬ್ಬಿ, ಕುದಿಯುವ ನೀರಿನ ಹಂಡೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ಹರಡಿ, ಮುಚ್ಚಳ ಹಾಕಿ ಹಬೆಯಲ್ಲಿ ಬೇಯಿಸಿ, ಬಿದಿರಿನ ಹೆಣಿಗೆಯ ಮೇಲೆ ಬಿಸಿಲಿಗೆ ಒಣಗಿಸುತ್ತಾರೆ. ಒಣಗಿದ ಹಾಳೆಯ ಮೇಲೆ ಕಾಣುವ ಚೌಕಳಿ ಗುರುತು ಆ ಹೆಣಿಗೆಯದೇ. ನಮ್ಮ ನಗರಕ್ಕೆ ಹತ್ತಿರದ ತೈ ನಿನ್ ಪ್ರಾಂತ್ಯದ ಟ್ರಾಂಗ್ ಬಾಂಗ್ ಎಂಬ ಊರು ಇದಕ್ಕೆ ಹೆಸರುವಾಸಿಯಾಗಿದ್ದು, ಅಲ್ಲಿ ಒಂದು ಬಗೆಯ ಹಾಳೆಯನ್ನು ಇಬ್ಬನಿಗೆ ಒಡ್ಡಿ ಮೆದುವಾಗಿಸುತ್ತಾರೆ. ಅದನ್ನು ನೀರಿಗೆ ಅದ್ದದೆ ನೇರವಾಗಿ ಸುತ್ತಿಕೊಳ್ಳಬಹುದು. ಒಟ್ಟಿನಲ್ಲಿ ಹಾಳೆ ನಿಮ್ಮ ಕೈಗೆ ಬರುವ ಹೊತ್ತಿಗೆ ಆಗಲೇ ಬೆಂದಿರುತ್ತದೆ. ಅದಕ್ಕೆ ಬಿಸಿನೀರಿನ ಅಗತ್ಯವಿಲ್ಲ, ತುಸು ತೇವ ಸಾಕು.

ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಇಟ್ಟುಕೊಳ್ಳಿ. ಹಾಳೆಯನ್ನು ಎರಡು ಮೂರು ಸೆಕೆಂಡು ಮಾತ್ರ ಮುಳುಗಿಸಿ, ಇನ್ನೂ ಬಿರುಸಾಗಿರುವಾಗಲೇ ಎತ್ತಿ, ನೀರು ಸೋರಲು ಬಿಟ್ಟು, ನುಣುಪಾದ ಬದಿ ಕೆಳಗೆ ಬರುವಂತೆ ಒದ್ದೆ ತಟ್ಟೆಯ ಮೇಲೆ ಹರಡಿ. ನೀವು ಸೊಪ್ಪು ಜೋಡಿಸುವಷ್ಟರಲ್ಲಿ ಮೇಲುಳಿದ ತೇವವನ್ನು ಅದು ಎಳೆದುಕೊಂಡು ತಾನಾಗಿ ಮೆತ್ತಗಾಗುತ್ತದೆ. ನೀರಿನಲ್ಲಿಯೇ ಮೆತ್ತಗಾಗಲಿ ಎಂದು ಕಾದರೆ ಹಾಳೆ ಮಡಚಿಕೊಂಡು ಅಂಟಿ, ಸುತ್ತುವಾಗ ಹರಿಯುತ್ತದೆ. ಒಣಬಟ್ಟೆಯ ಮೇಲೆ ಹರಡಬೇಡಿ, ಬಟ್ಟೆಯ ನೂಲಿಗೆ ಅದು ಹತ್ತಿಕೊಳ್ಳುತ್ತದೆ.

ಸುತ್ತುವ ಕ್ರಮವೂ ಮುಖ್ಯ. ನಿಮ್ಮ ಕಡೆಯ ಅಂಚಿನಿಂದ ಮೂರನೆಯ ಒಂದು ಭಾಗ ಬಿಟ್ಟು ಮೊದಲು ಲೆಟ್ಯೂಸ್ ಎಲೆ, ಅದರೊಳಗೆ ನೂಡಲ್ಸ್, ಸೌತೆಕಾಯಿ ಮತ್ತು ಸೊಪ್ಪು ಇಡಬೇಕು. ಸೌತೆಯ ತಿರುಳು ತೆಗೆದಿರಬೇಕು. ಕ್ಯಾರೆಟ್ಟಿನ ಚೂಪು ತುದಿಗಳು ಹಾಳೆಗೆ ತಾಗದಂತೆ ಎಲೆ ತಡೆಯುತ್ತದೆ. ಒಂದು ಸುತ್ತು ಬಿಗಿಯಾಗಿ ಮಡಚಿ, ಎರಡೂ ಪಕ್ಕಗಳನ್ನು ಒಳಕ್ಕೆ ಮಡಿಸಿ, ಆಮೇಲೆ ಉದ್ದಕ್ಕೆ ಸೀಳಿದ ಬೆಂದ ಸೀಗಡಿಯ ಕೆಂಪು ಬದಿ ಹಾಳೆಗೆ ತಾಗುವಂತೆ ಸಾಲಾಗಿಟ್ಟು ಉಳಿದ ಸುತ್ತನ್ನು ಮುಗಿಸಿದರೆ, ತೆಳುವಾದ ಹಾಳೆಯ ಹಿಂದಿನಿಂದ ಬಣ್ಣ ಕಾಣಿಸುತ್ತದೆ. ಸಸ್ಯಾಹಾರಿ ರೋಲಿನಲ್ಲಿ ಆ ಜಾಗಕ್ಕೆ ಹುರಿದ ತೋಫುವಿನ ಪಟ್ಟಿ ಅಥವಾ ಒಂದು ದೊಡ್ಡ ಪುದೀನ ಎಲೆ ಇಡಿ.

ಅಕ್ಕಿಗಂಜಿ (ಮೈಸೂರು)

ಮೇಲಿನ ವಿವರಣೆ ಬಹಳ ಉಪಯುಕ್ತವಾಗಿದೆ. ಬೆಳಿಗ್ಗೆಯೇ ಸುತ್ತಿಡುವ ಪ್ರಶ್ನೆಗೆ ಆಹಾರ ವಿಜ್ಞಾನದ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ಬೆಂದ ಪಿಷ್ಟ ತಣ್ಣಗಾಗುತ್ತಾ ಹೋದಂತೆ ಅದರ ಅಣುಸರಪಳಿಗಳು ಮತ್ತೆ ಒಂದಕ್ಕೊಂದು ಹತ್ತಿರ ಸರಿದು ನೀರನ್ನು ಹೊರಗೆ ತಳ್ಳಿ ಗಟ್ಟಿಯಾಗುತ್ತವೆ. ಈ ಕ್ರಿಯೆ ಕೋಣೆಯ ಉಷ್ಣತೆಗಿಂತ ಫ್ರಿಜ್ಜಿನೊಳಗಿನ 4 ಡಿಗ್ರಿ ಸೆಲ್ಸಿಯಸ್ ಸುಮಾರಿನ ತಂಪಿನಲ್ಲಿ ಹೆಚ್ಚು ವೇಗವಾಗಿ ನಡೆಯುತ್ತದೆ. ಆದ್ದರಿಂದ ಫ್ರಿಜ್ಜಿನಲ್ಲಿಟ್ಟ ರೋಲಿನ ಹೊರಹಾಳೆ ಬೇಗ ಚರ್ಮದಂತಾಗುತ್ತದೆ, ಒಳಗಿನ ನೂಡಲ್ಸ್ ಬಿರುಸಾಗುತ್ತದೆ. ಹೊರಗೆ ಇಡುವುದಾದರೆ ಒಂದಕ್ಕೊಂದು ತಾಗದಂತೆ ಜೋಡಿಸಿ, ನಡುವೆ ಲೆಟ್ಯೂಸ್ ಎಲೆ ಹಾಸಿ, ಹಿಂಡಿದ ಒದ್ದೆ ಬಟ್ಟೆ ಹೊದಿಸಿ, ಎರಡು ಗಂಟೆಯೊಳಗೆ ಬಡಿಸಬೇಕು. ಸೀಗಡಿ ಅಥವಾ ಮಾಂಸವಿರುವ ರೋಲನ್ನು ನಮ್ಮ ಹವೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಹೊರಗಿಡುವುದು ಸುರಕ್ಷಿತವಲ್ಲ. ಈ ಎರಡು ಕಾರಣಗಳನ್ನೂ ಒಟ್ಟಿಗೆ ನೋಡಿದರೆ, ಬೆಳಿಗ್ಗೆ ಸುತ್ತಿ ಮಧ್ಯಾಹ್ನ ಬಡಿಸುವ ಯೋಜನೆಯನ್ನು ಬಿಡುವುದೇ ಸರಿ ಎಂದು ನನ್ನ ಅಭಿಪ್ರಾಯ.

ಹಾಳೆ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂಬದಿ ಓದಿ. ಬರೀ ಅಕ್ಕಿಯಿಂದ ಮಾಡಿದ್ದಕ್ಕಿಂತ ಮರಗೆಣಸಿನ ಪಿಷ್ಟ ಬೆರೆತದ್ದು ಹೆಚ್ಚು ಪಾರದರ್ಶಕವಾಗಿರುತ್ತದೆ, ಎಳೆದರೆ ಬಗ್ಗುತ್ತದೆ, ಸುಲಭವಾಗಿ ಹರಿಯುವುದಿಲ್ಲ. ಹೊಸದಾಗಿ ಮಾಡುವವರಿಗೆ ಅದೇ ಒಳ್ಳೆಯದು. ಅಡ್ಡಗಲ 22 ಸೆಂಟಿಮೀಟರ್ ಇರುವ ಹಾಳೆ ಕೈಗೆ ಹದವಾಗಿ ಒದಗುತ್ತದೆ.

ಕಡಲಮನೆ (ಕುಂದಾಪುರ)

ಒತ್ತುಶ್ಯಾವಿಗೆಯ ಪ್ರಶ್ನೆಗೆ ನಾನು ಉತ್ತರಿಸಬಯಸುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಶ್ಯಾವಿಗೆ ಒರಳು ಇವತ್ತಿಗೂ ಬಳಕೆಯಲ್ಲಿದೆ.

ಬುನ್ ಮತ್ತು ಒತ್ತುಶ್ಯಾವಿಗೆ ಎರಡೂ ಅಕ್ಕಿಯವೇ, ಎರಡನ್ನೂ ತೂತಿನ ಬಿಲ್ಲೆಯಿಂದ ಒತ್ತಿಯೇ ಎಳೆ ತೆಗೆಯುತ್ತಾರೆ. ವ್ಯತ್ಯಾಸವಿರುವುದು ಬೇಯಿಸುವ ಸರದಿಯಲ್ಲಿ. ನಾವು ರುಬ್ಬಿದ ಹಿಟ್ಟನ್ನು ಬಾಣಲೆಯಲ್ಲಿ ಕಾಯಿಸಿ ಮುದ್ದೆ ಮಾಡಿ, ಉಂಡೆ ಕಟ್ಟಿ, ಪೂರ್ತಿ ಬೇಯಿಸಿ, ಬಿಸಿಯಿರುವಾಗಲೇ ಒತ್ತುತ್ತೇವೆ. ಎಳೆ ಹೊರಬಂದ ಮೇಲೆ ಅದಕ್ಕೆ ಮತ್ತೆ ನೀರು ತಾಗುವುದಿಲ್ಲ. ಅವರು ಹುದುಗು ಬಂದ ಹಿಟ್ಟನ್ನು ಅರ್ಧ ಬೇಯಿಸಿ, ನಾದಿ, ನೇರವಾಗಿ ಕುದಿಯುವ ನೀರಿನೊಳಕ್ಕೆ ಒತ್ತಿ, ತಕ್ಷಣ ತಣ್ಣೀರಿಗೆ ಹಾಕುತ್ತಾರೆ. ಆ ತಣ್ಣೀರಿನಲ್ಲಿ ಮೇಲಿನ ಅಂಟು ತೊಳೆದುಹೋಗಿ ಎಳೆ ಜಾರುತ್ತದೆ, ಬಿಡಿಬಿಡಿಯಾಗಿರುತ್ತದೆ. ನಮ್ಮದು ಒಂದಕ್ಕೊಂದು ಹತ್ತಿಕೊಂಡು ಮೆತ್ತನೆಯ ಗೂಡಾಗಿ ನಿಲ್ಲುತ್ತದೆ. ಕಾಯಿಹಾಲು ಹೀರಲು ಅದೇ ಬೇಕು.

ಹಾಗಾಗಿ ರೋಲಿನೊಳಗೆ ಒತ್ತುಶ್ಯಾವಿಗೆ ಇಡಬಹುದು, ಚೆನ್ನಾಗಿಯೇ ಇರುತ್ತದೆ. ತೆಳುವಾದ ಬಿಲ್ಲೆ ಬಳಸಿ, ಬೆರಳುದ್ದದ ಪಟ್ಟಿಯಾಗಿ ಒತ್ತಿ, ಒದ್ದೆ ಬಟ್ಟೆಯಡಿ ಪೂರ್ತಿ ಆರಿಸಿ, ಅದೇ ದಿನ ಬಳಸಬೇಕು. ಆದರೆ ಬೌಲಿನಲ್ಲಿ ಸಾಸ್ ಹಾಕಿ ಕಲಸುವ ನೂಡಲ್ಸಿಗೆ ಅದು ಹೊಂದುವುದಿಲ್ಲ. ಎರಡು ಸಲ ಕಲಸಿದರೆ ಪುಡಿಯಾಗುತ್ತದೆ. ಅಲ್ಲಿಗೆ ಅಂಗಡಿಯ ಒಣ ಅಕ್ಕಿ ನೂಡಲ್ಸನ್ನೇ ತನ್ನಿ. ಪಾಯಸದ ಗೋಧಿ ಶ್ಯಾವಿಗೆಯನ್ನು ಎರಡಕ್ಕೂ ಬಳಸಬೇಡಿ.

ಜೊತೆಗೆ ಒಂದು ಪ್ರಶ್ನೆ. ರೈಸ್ ಪೇಪರ್ ಸಿಗದ ಊರುಗಳಲ್ಲಿ ನೀರುದೋಸೆಯಲ್ಲಿ ಸುತ್ತಿದರೆ ಹೇಗೆ?

ಮೆಕಾಂಗ್ ತೀರ (ಹೋ ಚಿ ಮಿನ್ ನಗರ)

ಕಡಲಮನೆಯವರ ಪ್ರಶ್ನೆಗೆ: ಇಲ್ಲಿನ ಬಾನ್ ಕುವೋನ್ ಎಂಬ ತಿಂಡಿ ನೀವು ಹೇಳುವುದಕ್ಕೆ ಹತ್ತಿರವಿದೆ. ಹಬೆಯಲ್ಲಿ ಬೆಂದ ಅಕ್ಕಿಹಿಟ್ಟಿನ ತೆಳು ಹಾಳೆಯನ್ನು ಒಣಗಿಸದೆ, ಹಸಿಯಾಗಿಯೇ ಅಣಬೆ ಮತ್ತು ಮಾಂಸದ ಪಲ್ಯ ಇಟ್ಟು ಸುತ್ತಿ, ಮೇಲೆ ಹುರಿದ ಈರುಳ್ಳಿ ಉದುರಿಸಿ ಬಿಸಿಯಾಗಿ ಕೊಡುತ್ತಾರೆ. ನೀರುದೋಸೆ ಕಾವಲಿಯ ಮೇಲೆ ಬೇಯುವುದರಿಂದ ಅದರಲ್ಲಿ ಸಣ್ಣ ತೂತುಗಳಿರುತ್ತವೆ, ಒದ್ದೆ ಸೊಪ್ಪು ಇಟ್ಟು ಬಿಗಿದರೆ ನಿಲ್ಲುವುದಿಲ್ಲ. ಅಕ್ಕಿಹಿಟ್ಟು ಎರಡು ಪಾಲು, ಮರಗೆಣಸಿನ ಪಿಷ್ಟ ಒಂದು ಪಾಲು ಸೇರಿಸಿ ನೀರಿನಷ್ಟೇ ತೆಳ್ಳಗೆ ಕಲಸಿ, ಎಣ್ಣೆ ಸವರಿದ ನಾನ್‌ಸ್ಟಿಕ್ ಕಾವಲಿಯಲ್ಲಿ ಹೊಯ್ದು, ತಕ್ಷಣ ಮುಚ್ಚಳ ಹಾಕಿ ಹಬೆ ಕಟ್ಟಿದರೆ ಹಾಳೆ ನುಣುಪಾಗಿ ಏಳುತ್ತದೆ. ಬಿಸಿ ಪಲ್ಯದ ಸುರುಳಿಗೆ ಅದು ಸೊಗಸು. ಹಸಿ ಸೊಪ್ಪಿನ ರೋಲಿಗೆ ಮಾತ್ರ ಒಣ ಹಾಳೆಯೇ ಬೇಕು.

ಪಡುವಣ ತೀರ (ಕ್ಯಾಲಿಫೋರ್ನಿಯಾ)

ಅದ್ದಿಕೊಳ್ಳುವ ಸಾಸುಗಳ ಬಗ್ಗೆ ಇನ್ನೂ ಯಾರೂ ಬರೆದಿಲ್ಲವಾದ್ದರಿಂದ ಆ ಭಾಗವನ್ನು ನಾನು ತೆಗೆದುಕೊಳ್ಳುತ್ತೇನೆ. 1975ರ ನಂತರ ವಿಯೆಟ್ನಾಮಿನಿಂದ ಬಂದ ನಿರಾಶ್ರಿತರು ಇಲ್ಲಿನ ಆರೆಂಜ್ ಕೌಂಟಿಯ ವೆಸ್ಟ್‌ಮಿನ್‌ಸ್ಟರ್ ಸುತ್ತ ಕಟ್ಟಿಕೊಂಡ ಲಿಟಲ್ ಸೈಗಾನ್ ನಮ್ಮ ಮನೆಯಿಂದ ದೂರವಿಲ್ಲ. ನಾವು ಸಸ್ಯಾಹಾರಿಗಳಾಗಿದ್ದು, ಅಲ್ಲಿನ ಸಸ್ಯಾಹಾರಿ ಹೋಟೆಲುಗಳಿಂದ ಕಲಿತದ್ದನ್ನು ಮನೆಯಲ್ಲಿ ನಿತ್ಯ ಮಾಡುತ್ತೇವೆ.

ಸಾಸುಗಳು ಮುಖ್ಯವಾಗಿ ಎರಡು. ಮೊದಲನೆಯದು ನುವಕ್ ಚಾಮ್. ಫಿಶ್ ಸಾಸ್, ಸಕ್ಕರೆ, ನಿಂಬೆರಸ ತಲಾ ಒಂದು ಪಾಲು, ನೀರು ನಾಲ್ಕು ಪಾಲು, ಮೇಲೆ ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ ಮತ್ತು ಹಸಿಮೆಣಸು. ಫಿಶ್ ಸಾಸ್ ಎಂದರೆ ಆಂಚೊವಿ ಜಾತಿಯ ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಬಸಿದ ರಸ. ಫು ಕ್ವೋಕ್ ದ್ವೀಪದ್ದು ಹೆಚ್ಚು ಪ್ರಸಿದ್ಧ. ಅದರ ಬದಲಿಗೆ ಬರೀ ಸೋಯಾ ಸಾಸ್ ಹಾಕಿದರೆ ಉಪ್ಪು ಬರುತ್ತದೆಯೇ ಹೊರತು ಹುದುಗಿನ ಆಳ ಬರುವುದಿಲ್ಲ, ಬಣ್ಣವೂ ಕಪ್ಪಾಗುತ್ತದೆ. ನಾವು ಅನಾನಸಿನ ರಸವನ್ನು ಉಪ್ಪಿನೊಂದಿಗೆ ಕುದಿಸಿ ಅರ್ಧಕ್ಕೆ ಇಳಿಸಿ, ತೆಳು ಸೋಯಾ ಸಾಸ್ ಸ್ವಲ್ಪವೇ ಬೆರೆಸುತ್ತೇವೆ. ವಿಯೆಟ್ನಾಮಿನ ಸಸ್ಯಾಹಾರಿ ಅಡುಗೆಯಲ್ಲಿ ಅನಾನಸಿನ ಬಳಕೆ ಬಹಳವಾಗಿದೆ. ನೀರಿನ ಬದಲು ಎಳನೀರು ಹಾಕುವುದು ದಕ್ಷಿಣ ವಿಯೆಟ್ನಾಮಿನ ರೂಢಿ. ಶಿವಮೊಗ್ಗದಲ್ಲಿ ಎಳನೀರಿಗೇನೂ ಕೊರತೆಯಿಲ್ಲವಲ್ಲ, ದಯವಿಟ್ಟು ಅದನ್ನೇ ಬಳಸಿ.

ಎರಡನೆಯದು ದಪ್ಪನೆಯ ಶೇಂಗಾ ಸಾಸ್, ರೋಲಿಗೆ ಇದೇ ಹೆಚ್ಚು ಒಪ್ಪುತ್ತದೆ. ಎಣ್ಣೆಯಲ್ಲಿ ಬೆಳ್ಳುಳ್ಳಿ ಹೊಂಬಣ್ಣಕ್ಕೆ ಹುರಿದು, ಹೊಯ್ಸಿನ್ ಸಾಸ್, ನುಣ್ಣಗೆ ಅರೆದ ಹುರಿದ ಶೇಂಗಾ ಮತ್ತು ಸ್ವಲ್ಪ ನೀರು ಹಾಕಿ ಕುದಿ ಬರಿಸಿ, ಇಳಿಸಿ, ಮೇಲೆ ತರಿತರಿ ಶೇಂಗಾ ಉದುರಿಸುತ್ತಾರೆ. ಹೊಯ್ಸಿನ್ ಸೋಯಾ ಕಾಳಿನ ಸಿಹಿ ಸಾಸ್, ದೊಡ್ಡ ಊರಿನ ಅಂಗಡಿಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ಸೋಯಾ ಸಾಸ್, ಬೆಲ್ಲ ಮತ್ತು ಒಂದು ಚಮಚ ಹುಣಸೆರಸ ಸೇರಿಸಿ ಅರೆದ ಶೇಂಗಾದೊಂದಿಗೆ ಕುದಿಸಿ. ರುಚಿ ಬೇರೆಯಾಗುತ್ತದೆ, ಆದರೆ ರೋಲಿಗೆ ಅನ್ಯಾಯವಾಗುವುದಿಲ್ಲ.

ಹಿತ್ತಿಲಮನೆ (ಶಿವಮೊಗ್ಗ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೆಳಿಗ್ಗೆ ಸುತ್ತಿಡುವ ಯೋಚನೆಯನ್ನು ಬಿಟ್ಟಿದ್ದೇನೆ. ಇನ್ನೆರಡು ಪ್ರಶ್ನೆಗಳಿವೆ. ತೋಫು ನಮ್ಮಲ್ಲಿ ಕೆಲವೊಮ್ಮೆ ಸಿಗುವುದಿಲ್ಲ, ಪನೀರ್ ಇಡಬಹುದೇ? ಥಾಯ್ ತುಳಸಿ, ಪೆರಿಲ್ಲಾ ಮುಂತಾದ ಸೊಪ್ಪುಗಳು ಇಲ್ಲಿ ಸಿಗುವುದೇ ಇಲ್ಲ. ಕೊತ್ತಂಬರಿ ಮತ್ತು ಪುದೀನ ಎರಡರಲ್ಲೇ ಮುಗಿಸಬಹುದೇ?

ಕಾಡಂಚು (ಸಾಗರ)

ಸೊಪ್ಪಿನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಈ ತಿಂಡಿಯ ಜೀವ ಇರುವುದೇ ಅಲ್ಲಿ. ರೈಸ್ ಪೇಪರಿಗೂ ನೂಡಲ್ಸಿಗೂ ಸ್ವಂತ ರುಚಿ ಕಡಿಮೆ. ಸೊಪ್ಪು ಕಡಿಮೆಯಾದರೆ ಉಳಿಯುವುದು ಸಪ್ಪೆ ಅನ್ನವೇ. ಒಳಗಿನ ತುಂಬಿಕೆಯಲ್ಲಿ ಮೂರರಲ್ಲಿ ಒಂದು ಪಾಲಾದರೂ ಘಮಘಮಿಸುವ ಸೊಪ್ಪಿರಲಿ.

ಮಲೆನಾಡಿನಲ್ಲಿದ್ದುಕೊಂಡು ಎರಡೇ ಸೊಪ್ಪಿಗೆ ತೃಪ್ತರಾಗುವ ಅಗತ್ಯವಿಲ್ಲ. ಥಾಯ್ ತುಳಸಿ ನಮ್ಮ ಕಾಮಕಸ್ತೂರಿಯ ಜಾತಿಯದೇ ಇನ್ನೊಂದು ತಳಿ. ಕಾಮಕಸ್ತೂರಿಯ ಎಳೆಯ ಎಲೆಗಳನ್ನು ಹೂ ಬಿಡುವ ಮುಂಚೆ ಕಿತ್ತರೆ ಧಾರಾಳವಾಗಿ ಒಪ್ಪುತ್ತದೆ. ಪೂಜೆಯ ತುಳಸಿಯ ಘಾಟು ಇಲ್ಲಿಗೆ ಹೆಚ್ಚಾಗುತ್ತದೆ. ವಿಯೆಟ್ನಾಮಿನವರು ಫೋ ಎಂಬ ನೂಡಲ್ಸ್ ಸಾರಿನ ಜೊತೆ ಕೊಡುವ ಗರಗಸದಂಚಿನ ಉದ್ದ ಎಲೆಯ ಸೊಪ್ಪು ನಮ್ಮಲ್ಲಿ ಹಿತ್ತಿಲ ತೇವದಲ್ಲಿ ಬೆಳೆಯುವ ಕಾಡುಕೊತ್ತಂಬರಿಯೇ. ಅದು ಖಾರವಾದ ವಾಸನೆಯದಾದ್ದರಿಂದ ರೋಲಿಗೆ ಒಂದು ಎಲೆ ಸಾಕು, ಅಂಚಿನ ಮುಳ್ಳು ಹಾಳೆಗೆ ತಾಗದಂತೆ ಹೆಚ್ಚಿ ಹಾಕಿ. ಒಂದೆಲಗವನ್ನೂ ಅವರು ಹಸಿಯಾಗಿಯೇ ತಿನ್ನುತ್ತಾರೆ, ಅದರ ರಸವನ್ನು ತಂಪುಪಾನೀಯವಾಗಿ ಕುಡಿಯುತ್ತಾರೆ. ಬಾಳೆಹೂವಿನ ಒಳಗಿನ ಬಿಳಿ ಎಸಳನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ, ಕಪ್ಪಾಗದಂತೆ ನಿಂಬೆರಸ ಹಿಂಡಿದ ನೀರಿನಲ್ಲಿಟ್ಟು, ನೂಡಲ್ಸ್ ಮೇಲೆ ಹರಡುವುದೂ ಅಲ್ಲಿನ ಪದ್ಧತಿ. ಬೆಳ್ಳುಳ್ಳಿ ಗಿಡದ ಹಸಿರು ಎಲೆ ಸಿಕ್ಕಿದರೆ ಬಿಡಬೇಡಿ.

ಎಲ್ಲ ಸೊಪ್ಪನ್ನೂ ಹಸಿಯಾಗಿ ತಿನ್ನುವುದರಿಂದ ಮೂರು ನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಒಂದೆಲಗವನ್ನು ಗದ್ದೆಯ ಅಂಚಿನಿಂದ ಕೊಯ್ಯಬೇಡಿ, ಮನೆಯ ಕುಂಡದ್ದನ್ನು ಬಳಸಿ.

ಪನೀರ್ ನನಗೆ ಒಪ್ಪಿಗೆಯಿಲ್ಲ. ಹಾಲಿನ ವಾಸನೆ ಈ ಸೊಪ್ಪುಗಳ ಜೊತೆ ಸೇರುವುದಿಲ್ಲ. ಅಣಬೆಯನ್ನು ಸೀಳಿ, ನೀರು ಇಂಗುವವರೆಗೆ ಹುರಿದು, ಕೊನೆಯಲ್ಲಿ ಸೋಯಾ ಸಾಸ್ ಮತ್ತು ಕಾಳುಮೆಣಸು ಹಾಕಿ ಬಳಸಿ.

ಪಡುವಣ ತೀರ (ಕ್ಯಾಲಿಫೋರ್ನಿಯಾ)

ಕಾಡಂಚು ಅವರ ಪನೀರ್ ತೀರ್ಮಾನ ಸ್ವಲ್ಪ ಕಠಿಣವಾಯಿತು. ಮಕ್ಕಳಿರುವ ಮನೆಯಲ್ಲಿ ತೆಳ್ಳಗೆ ಕೊಯ್ದು ಕೆಂಪಗೆ ಹುರಿದ ಪನೀರ್ ಶೇಂಗಾ ಸಾಸ್ ಜೊತೆ ಚೆನ್ನಾಗಿ ಖರ್ಚಾಗುತ್ತದೆ. ಆದರೆ ನುವಕ್ ಚಾಮ್ ಜೊತೆ ಅದು ಹೊಂದುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಬಾಣಲೆ (ಬೆಂಗಳೂರು)

ನೂಡಲ್ಸ್ ಖಾದ್ಯದ ಆಯ್ಕೆ ಇನ್ನೂ ಆಗಿಲ್ಲದಿದ್ದರೆ ಪ್ಯಾಡ್ ಥಾಯ್ ಮಾಡಬಹುದೆಂದು ಸೂಚಿಸುತ್ತೇನೆ. ಥಾಯ್ಲೆಂಡಿನಲ್ಲಿ ಫಿಬುನ್‌ಸೋಂಗ್‌ಖ್ರಾಮ್ ಪ್ರಧಾನಿಯಾಗಿದ್ದ ಕಾಲದಲ್ಲಿ ಸರ್ಕಾರದ ಉತ್ತೇಜನದಿಂದ ಹರಡಿದ ಈ ಖಾದ್ಯದ ಹುಳಿ ಹುಣಸೆಯದು, ಸಿಹಿ ತಾಳೆಬೆಲ್ಲದ್ದು. ಎರಡೂ ನಮ್ಮ ಅಡುಗೆಮನೆಯ ವಸ್ತುಗಳೇ. ಗಟ್ಟಿ ಹುಣಸೆರಸ, ತಾಳೆಬೆಲ್ಲ, ಫಿಶ್ ಸಾಸ್ ಅಥವಾ ಸೋಯಾ ಸಾಸ್ ಸರಿಸುಮಾರು ಸಮಪಾಲು ಸೇರಿಸಿ ಬೆಲ್ಲ ಕರಗುವವರೆಗೆ ಕಾಯಿಸಿಟ್ಟುಕೊಳ್ಳಿ. ನಮ್ಮ ಹಳೆಯ ಕಪ್ಪು ಹುಣಸೆ ಹೆಚ್ಚು ಹುಳಿ, ಬಣ್ಣವನ್ನೂ ಕೆಡಿಸುತ್ತದೆ. ಹೊಸ ಹುಣಸೆ ಬಳಸಿ.

ನೂಡಲ್ಸನ್ನು ಕುದಿಸಬಾರದು ಎಂಬುದನ್ನು ಒತ್ತಿ ಹೇಳುತ್ತೇನೆ. ಕಾಲಂಗುಲ ಅಗಲದ ಒಣ ಅಕ್ಕಿ ನೂಡಲ್ಸನ್ನು ತಣ್ಣೀರಿನಲ್ಲಿ ಮುಕ್ಕಾಲು ಗಂಟೆ ನೆನೆಸಿದರೆ ಬಗ್ಗುತ್ತದೆ, ಆದರೆ ಕಚ್ಚಿದರೆ ಒಳಗೆ ಗಟ್ಟಿಯಿರುತ್ತದೆ. ಉಳಿದ ಬೇಯುವಿಕೆ ಬಾಣಲೆಯಲ್ಲಿ ಸಾಸ್ ಹೀರುತ್ತಾ ಆಗಬೇಕು. ಮೊದಲೇ ಕುದಿಸಿದ ನೂಡಲ್ಸ್ ಸಾಸನ್ನು ಹೀರುವುದಿಲ್ಲ, ಕೈಯಾಡಿಸಿದಂತೆಲ್ಲ ಮುದ್ದೆಯಾಗುತ್ತದೆ. ಮನೆಯ ಒಲೆಯ ಕಾವು ಕಡಿಮೆಯಾದ್ದರಿಂದ ಒಂದು ಸಲಕ್ಕೆ ಇಬ್ಬರಿಗಾಗುವಷ್ಟನ್ನು ಮಾತ್ರ ಮಾಡಿ.

ಮೆಕಾಂಗ್ ತೀರ (ಹೋ ಚಿ ಮಿನ್ ನಗರ)

ಪ್ಯಾಡ್ ಥಾಯ್ ವಿವರಣೆ ಸರಿಯಾಗಿದೆ, ಆದರೆ ಇಬ್ಬಿಬ್ಬರಿಗೆ ಮಾಡುತ್ತಾ ಹೋದರೆ ಹನ್ನೆರಡು ಮಂದಿಗೆ ಆರು ಸರದಿ ಆಗುತ್ತದೆ. ಊಟದ ಮನೆಯ ಯಜಮಾನರು ಒಲೆಯ ಮುಂದೆಯೇ ನಿಲ್ಲಬೇಕಾಗುತ್ತದೆ. ಫೋ ಮಾಡುವುದಾದರೂ ಸಾರು ಕುದಿಯಲು ಹೊತ್ತು ಬೇಕು, ಬಿಸಿಬಿಸಿಯಾಗಿ ಒಬ್ಬೊಬ್ಬರಿಗೂ ಬಟ್ಟಲು ತುಂಬಿಕೊಡಬೇಕು. ಇಷ್ಟು ಜನಕ್ಕೆ ತಣ್ಣನೆಯ ಬುನ್ ಬೌಲ್ ಹೆಚ್ಚು ಸೂಕ್ತ. ರೋಲಿಗೆ ಸಿದ್ಧಪಡಿಸಿದ ಅದೇ ನೂಡಲ್ಸ್, ಅದೇ ಸೊಪ್ಪು, ಅದೇ ಸೌತೆ, ಅದೇ ತೋಫು ಅಥವಾ ಅಣಬೆಯನ್ನು ಬಟ್ಟಲಿನಲ್ಲಿ ಹರಡಿ, ಹುರಿದ ಶೇಂಗಾ ಉದುರಿಸಿ, ನುವಕ್ ಚಾಮ್ ಸುರಿದು ಕಲಸಿಕೊಂಡು ತಿನ್ನುವುದು ಇಲ್ಲಿ ಮನೆಮನೆಯ ಊಟ. ಹೆಚ್ಚುವ ಕೆಲಸ ಒಂದೇ, ಬಡಿಸುವ ಖಾದ್ಯ ಎರಡು.

ಒಣ ಬುನ್ ಬೇಯಿಸುವಾಗ ಹೇರಳವಾಗಿ ನೀರು ಕುದಿಸಿ, ಒಂದು ಎಳೆಯನ್ನು ಬೆರಳಲ್ಲಿ ಹಿಸುಕಿ ಒಳಗೆ ಬಿಳಿ ಚುಕ್ಕೆ ಉಳಿದಿಲ್ಲವೆಂದು ಖಚಿತವಾದ ಕೂಡಲೇ ಬಸಿದು, ಕೈಯಿಂದ ಆಡಿಸುತ್ತಾ ತಣ್ಣೀರಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆದು, ಜರಡಿಯಲ್ಲಿ ಇಪ್ಪತ್ತು ನಿಮಿಷ ಬಿಡಿ. ಅಷ್ಟರಲ್ಲಿ ಎಳೆ ಬಿಗಿಯುತ್ತದೆ. ರೋಲೊಂದಕ್ಕೆ ಒಣತೂಕದಲ್ಲಿ 10ರಿಂದ 15 ಗ್ರಾಂ, ಬೌಲಿಗೆ 60 ಗ್ರಾಂ ಲೆಕ್ಕ ಹಾಕಿ.

ಹಿತ್ತಿಲಮನೆ (ಶಿವಮೊಗ್ಗ)

ಬುನ್ ಬೌಲ್ ಸಲಹೆ ನಮ್ಮ ಮನೆಗೆ ಸರಿಹೊಂದುತ್ತದೆ, ಅದನ್ನೇ ಮಾಡುತ್ತೇನೆ. ಕೊನೆಯದಾಗಿ, ಮೊಳಕೆಕಾಳನ್ನು ಹಸಿಯಾಗಿಯೇ ಹಾಕುತ್ತಾರೆಯೇ? ಎಲ್ಲವನ್ನೂ ಯಾವ ಸರದಿಯಲ್ಲಿ ಮಾಡಿಟ್ಟುಕೊಳ್ಳಬೇಕು?

ಅಕ್ಕಿಗಂಜಿ (ಮೈಸೂರು)

ಅವರು ಬಳಸುವುದು ಹೆಸರುಕಾಳಿನದೇ ಮೊಳಕೆ, ಆದರೆ ಕತ್ತಲಲ್ಲಿಟ್ಟು, ಮೇಲೆ ಭಾರ ಹೇರಿ, ದಿನಕ್ಕೆ ಹಲವು ಸಲ ನೀರು ಹಾಯಿಸಿ ಬೆರಳುದ್ದ ಬೆಳೆಸಿದ್ದು. ಕೋಸಂಬರಿಗೆ ನಾವು ತೆಗೆಯುವ ಚಿಕ್ಕ ಮೊಳಕೆ ಇಲ್ಲಿ ಗಟ್ಟಿಯೆನಿಸುತ್ತದೆ. ಮೊಳಕೆ ಬೆಳೆಯುವ ತೇವ ಮತ್ತು ಬೆಚ್ಚಗಿನ ಸ್ಥಿತಿಯಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಅಲ್ಲಿ ಹಸಿಯಾಗಿ ತಿನ್ನುವುದು ವಾಡಿಕೆಯಾದರೂ, ವಯಸ್ಸಾದವರು ಅಥವಾ ಗರ್ಭಿಣಿಯರು ಊಟಕ್ಕಿದ್ದರೆ ಕುದಿನೀರಿನಲ್ಲಿ ಚೆನ್ನಾಗಿ ಬೇಯಿಸಿಯೇ ಬಡಿಸಿ, ಇಲ್ಲವೇ ಬಿಟ್ಟುಬಿಡಿ.

ಸರದಿಯ ಬಗ್ಗೆ: ಎರಡೂ ಸಾಸುಗಳನ್ನು ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಡಬಹುದು, ನಿಂಬೆರಸವನ್ನು ಮಾತ್ರ ಬಡಿಸುವ ಮುಂಚೆ ಹಿಂಡಿ. ಸೊಪ್ಪು ತೊಳೆಯುವುದು, ತರಕಾರಿ ಹೆಚ್ಚುವುದು, ತೋಫು ಅಥವಾ ಅಣಬೆ ಹುರಿಯುವುದು ಬೆಳಿಗ್ಗೆಯ ಕೆಲಸ. ಹುರಿದ ಅಣಬೆ ಆರಿದೊಡನೆ ಫ್ರಿಜ್ಜಿಗೆ ಹೋಗಲಿ. ನೂಡಲ್ಸ್ ಬೇಯಿಸುವುದು ಅತಿಥಿಗಳು ಬರುವುದಕ್ಕೆ ಒಂದು ಗಂಟೆ ಮುಂಚೆ. ಸೀಗಡಿಯನ್ನು ಕೊನೆಯಲ್ಲಿ ಬೇಯಿಸಿ, ಸಸ್ಯಾಹಾರಿಗಳ ತಟ್ಟೆಯಿಂದ ದೂರ, ಬೇರೆ ಚಿಮಟದೊಂದಿಗೆ ಇಡಿ. ನೀರಿನ ತಟ್ಟೆಯೂ ಎರಡಿರಲಿ.

ಮೆಕಾಂಗ್ ತೀರ (ಹೋ ಚಿ ಮಿನ್ ನಗರ)

ಇದಕ್ಕೆ ಒಂದೇ ಸೇರ್ಪಡೆ. ರೋಲುಗಳನ್ನು ನೀವೇ ಸುತ್ತಿ ತಟ್ಟೆಯಲ್ಲಿ ಜೋಡಿಸುವ ಹೊಣೆ ಹೊರಬೇಡಿ. ಇಲ್ಲಿನ ಮನೆಗಳಲ್ಲಿ ಹಾಳೆ, ನೀರು, ಸೊಪ್ಪು, ನೂಡಲ್ಸ್ ಎಲ್ಲವನ್ನೂ ನಡುವೆ ಇಟ್ಟು, ಸುತ್ತ ಕುಳಿತವರು ತಮತಮಗೆ ಬೇಕಾದದ್ದನ್ನು ಸುತ್ತಿಕೊಳ್ಳುತ್ತಾರೆ. ಹಾಳೆ ಅಂಟುವ, ಗಟ್ಟಿಯಾಗುವ ಚಿಂತೆ ಆಗ ಇರುವುದೇ ಇಲ್ಲ. ಒಬ್ಬರಿಗೆ ಮೂರು ಹಾಳೆಯಂತೆ ಮೂವತ್ತಾರು ಬೇಕು, ಹರಿದುಹೋಗುವುದಕ್ಕೆ ಹತ್ತು ಹೆಚ್ಚಿಗೆ ಇಟ್ಟುಕೊಳ್ಳಿ. ಉಳಿದ ಹಾಳೆಯನ್ನು ಗಾಳಿಯಾಡದ ಚೀಲದಲ್ಲಿ ಸಮತಟ್ಟಾಗಿ ಇಡಿ, ಇಲ್ಲವಾದರೆ ಬೇಸಿಗೆಯ ಒಣಗಾಳಿಗೆ ಅಂಚು ಮುದುರಿ ಸೀಳುತ್ತದೆ.